ಕಣ್ತಪ್ಪಿ ಹೋದ ಇನ್‌ಸ್ಟ್ರಕ್ಷನ್

ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನಾನು, ಪ್ರೊಸೆಸರಿನ ಇನ್‌ಸ್ಟ್ರಕ್ಷನ್ನುಗಳನ್ನೇ ಒಂದೊಂದಾಗಿ ಬರೆಯುವ ಅಸೆಂಬ್ಲಿ ಭಾಷೆಯಲ್ಲಿ, ಒಂದು ಪುಟ್ಟ ಡಿಬಗರ್ ಬರೆದಿದ್ದೆ. ಡಾಸ್‌ನಲ್ಲಿ ಓಡುವ ಪ್ರೋಗ್ರಾಮುಗಳನ್ನು ಒಂದೊಂದು ಇನ್‌ಸ್ಟ್ರಕ್ಷನ್ನಿಗೂ ನಿಲ್ಲಿಸಿ, ಆ ಹೊತ್ತಿಗೆ ರಿಜಿಸ್ಟರುಗಳಲ್ಲಿ, ಅಂದರೆ ಪ್ರೊಸೆಸರಿನೊಳಗಿನ ಪುಟ್ಟ ಗೂಡುಗಳಲ್ಲಿ, ಏನಿದೆ ಎಂಬುದನ್ನು ತೆರೆಯ ಮೇಲೆ ತೋರಿಸುವುದಷ್ಟೇ ಅದರ ಕೆಲಸ. ಒಂದು ಸಂಜೆ, ತನ್ನದೇ ಸ್ಟ್ಯಾಕ್, ಅಂದರೆ ತಾತ್ಕಾಲಿಕ ಮೌಲ್ಯಗಳನ್ನು ಒಂದರ ಮೇಲೊಂದು ಪೇರಿಸುವ ಮೆಮೊರಿ, ಹೊಂದಿಸಿಕೊಳ್ಳುವ ಸಣ್ಣ ಪ್ರೋಗ್ರಾಮೊಂದನ್ನು ಅದರ ಮೂಲಕ ನಡೆಸುತ್ತಿದ್ದೆ. ಎಎಕ್ಸ್ ರಿಜಿಸ್ಟರಿನಲ್ಲಿರುವುದನ್ನು, ಸ್ಟ್ಯಾಕ್ ಮೆಮೊರಿಯ ಯಾವ ತುಂಡಿನಲ್ಲಿದೆ (ಸೆಗ್ಮೆಂಟ್) ಎಂದು ಹೇಳುವ ಎಸ್‌ಎಸ್‌ಗೆ ತುಂಬುವ ಇನ್‌ಸ್ಟ್ರಕ್ಷನ್ ತೆರೆಗೆ ಬಂತು. ಅದರ ಮುಂದಿನದು, ಆ ತುಂಡಿನೊಳಗೆ ಸ್ಟ್ಯಾಕಿನ ತುದಿಯನ್ನು ತೋರುವ ಎಸ್‌ಪಿಗೆ ಮೌಲ್ಯ ತುಂಬಬೇಕಾದದ್ದು, ಅದು ಬರಲಿಲ್ಲ. ಅದನ್ನು ದಾಟಿ ಮೂರನೆಯದು ಬಂತು. ಪ್ರೊಸೆಸರ್ ಆ ಇನ್‌ಸ್ಟ್ರಕ್ಷನ್ನನ್ನು ಹಾರಿಸಿಬಿಟ್ಟಿತೇ ಎಂದು ನೋಡಿದರೆ ಹಾಗೂ ಅಲ್ಲ: ಎಸ್‌ಪಿಯ ಮೌಲ್ಯ ಬದಲಾಗಿತ್ತು. ಅಂದರೆ ಆ ಸಾಲು ನಡೆದಿದೆ, ಆದರೆ ನನ್ನ ಡಿಬಗರಿನ ಕಣ್ಣಿಗೆ ಬಿದ್ದಿಲ್ಲ.

ಮೂರು ದಿನ ನಾನು ನನ್ನ ಕೋಡಿನಲ್ಲೇ ತಪ್ಪು ಹುಡುಕಿದೆ. ಆ ಹುಡುಕಾಟದಲ್ಲಿ ತಪ್ಪೋ ವಿಶೇಷ ಘಟನೆಯೋ ನಡೆದಾಗ ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸಿ ಬೇರೊಂದು ಕೋಡಿಗೆ ಹೋಗುವ, ಪ್ರೊಸೆಸರ್ ಎಕ್ಸೆಪ್ಶನ್ ಎಂಬ ವ್ಯವಸ್ಥೆಯನ್ನು ತಳದಿಂದ ಮತ್ತೆ ಓದಬೇಕಾಯಿತು. ಹೈಲೆವೆಲ್ ಭಾಷೆಯಲ್ಲಿ ಕೆಲಸ ಮಾಡುವವರಿಗೆ ಡಿಬಗರ್ ಎಂದರೆ ಒಂದು ಕಿಟಕಿ. ಸಾಲಿನ ಪಕ್ಕದಲ್ಲಿ ಕೆಂಪು ಚುಕ್ಕೆಯಿಟ್ಟರೆ ಪ್ರೋಗ್ರಾಮ್ ಅಲ್ಲಿ ನಿಲ್ಲುತ್ತದೆ. ಆ ನಿಲ್ಲುವಿಕೆ ಏನು, ನಿಂತವರು ಯಾರು, ನಿಲ್ಲಿಸಿದವರು ಯಾರು ಎಂಬುದು ಅಸೆಂಬ್ಲಿಯಲ್ಲಿ ಬರೆದು ನೋಡಿದಾಗ ಮಾತ್ರ ತಿಳಿಯುತ್ತದೆ ಎಂಬುದು ನನ್ನ ಅನುಭವ.

ಇಂಟೆಲ್ 8086 ಬಂದದ್ದು 1978ರಲ್ಲಿ. ಆ ಚಿಪ್ಪಿನಲ್ಲಿ ಮೆಮೊರಿಯ ಮೊದಲ 1024 ಬೈಟುಗಳು ಒಂದು ವಿಳಾಸಪಟ್ಟಿಗೆ ಮೀಸಲು. ಅದರಲ್ಲಿ 256 ನಮೂದುಗಳು, ಒಂದೊಂದಕ್ಕೂ ನಾಲ್ಕು ಬೈಟು: ಎರಡರಲ್ಲಿ ಐಪಿ, ಇನ್ನೆರಡರಲ್ಲಿ ಸಿಎಸ್. ಮುಂದೆ ನಡೆಯಬೇಕಾದ ಇನ್‌ಸ್ಟ್ರಕ್ಷನ್ ಯಾವ ಕೋಡ್ ಸೆಗ್ಮೆಂಟಿನಲ್ಲಿದೆಯೆಂದು ಸಿಎಸ್, ಅದರೊಳಗೆ ಎಲ್ಲಿದೆಯೆಂದು ಐಪಿ ಹೇಳುತ್ತವೆ. ಶೂನ್ಯದಿಂದ ಭಾಗಿಸಿದರೆ 0ನೆಯ ನಮೂದು, ಒಂದೊಂದೇ ಹೆಜ್ಜೆ ನಡೆಸುವಾಗ 1ನೆಯದು, ಬ್ರೇಕ್‌ಪಾಯಿಂಟಿಗೆ, ಅಂದರೆ ಆ ಕೆಂಪು ಚುಕ್ಕೆಗೆ, 3ನೆಯದು. ಡಿಬಗರ್ ಬರೆಯುವವನಿಗೆ ಮುಖ್ಯವಾದವು ಈ 1 ಮತ್ತು 3. ಅವುಗಳ ಜಾಗದಲ್ಲಿ ನಮ್ಮ ಹ್ಯಾಂಡ್ಲರಿನ, ಅಂದರೆ ಘಟನೆಯನ್ನು ನಿಭಾಯಿಸುವ ಕೋಡಿನ, ವಿಳಾಸವನ್ನು ಬರೆದಿಟ್ಟರೆ, ಆ ಘಟನೆ ನಡೆದಾಗ ಪ್ರೊಸೆಸರ್ ನೇರವಾಗಿ ನಮ್ಮಲ್ಲಿಗೆ ಬರುತ್ತದೆ. ಬರುವ ಮುನ್ನ ಅದು ಮಾಡುವ ಕೆಲಸ ಅಚ್ಚರಿಯಾಗುವಷ್ಟು ಕಡಿಮೆ. ಸ್ಥಿತಿ ತಿಳಿಸುವ ಬಿಟ್ಟುಗಳಿರುವ ಫ್ಲ್ಯಾಗ್ ರಿಜಿಸ್ಟರನ್ನು ಸ್ಟ್ಯಾಕಿಗೆ ತಳ್ಳುತ್ತದೆ, ಹೊರಗಿನ ಸಾಧನಗಳ ಕರೆಗೆ (ಇಂಟರಪ್ಟ್) ಅವಕಾಶ ಕೊಡುವ ಇಂಟರಪ್ಟ್ ಫ್ಲ್ಯಾಗನ್ನೂ ಒಂದೊಂದೇ ಹೆಜ್ಜೆ ನಡೆಸುವ ಟ್ರ್ಯಾಪ್ ಫ್ಲ್ಯಾಗನ್ನೂ ಸೊನ್ನೆ ಮಾಡುತ್ತದೆ, ಆಮೇಲೆ ಸಿಎಸ್ ಮತ್ತು ಐಪಿಯನ್ನು ತಳ್ಳುತ್ತದೆ. ಒಟ್ಟು ಆರು ಬೈಟು. ಉಳಿದ ಹತ್ತಾರು ರಿಜಿಸ್ಟರುಗಳ ಬಗ್ಗೆ ಪ್ರೊಸೆಸರಿಗೆ ಯಾವ ಹೊಣೆಯೂ ಇಲ್ಲ.

ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿದ್ದ ಮೇಷ್ಟ್ರು ಯಾರ ಪ್ರೋಗ್ರಾಮ್ ನೋಡಿದರೂ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ವಾಪಸ್ ಹೋಗೋ ದಾರಿ ಬರ್ಕೊಂಡಿದ್ದೀಯೇನಪ್ಪಾ?" ಆಗ ಅದು ಪರೀಕ್ಷೆಗೆ ಬೇಕಾದ ಮಾತೆಂದಷ್ಟೇ ತೋರಿತ್ತು. ಡಿಬಗರ್ ಬರೆಯತೊಡಗಿದ ಮೇಲೆ ಈ ವಿದ್ಯೆಯಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ ಎಂದು ಮನದಟ್ಟಾಯಿತು. ಹ್ಯಾಂಡ್ಲರಿನ ಮೊದಲ ಸಾಲಿನಲ್ಲಿ ನಿಂತಾಗ ನಮ್ಮದು ಎಂದು ಹೇಳಿಕೊಳ್ಳಬಹುದಾದದ್ದು ಸಿಎಸ್ ಒಂದೇ. ಎಎಕ್ಸ್, ಬಿಎಕ್ಸ್, ಡಿಎಸ್, ಇಎಸ್, ಎಲ್ಲದರಲ್ಲೂ ಇರುವುದು ಆ ಇನ್ನೊಂದು ಪ್ರೋಗ್ರಾಮಿನ ಬದುಕು. ಅವುಗಳಲ್ಲಿ ಒಂದನ್ನು ಮುಟ್ಟಿದರೂ ನಾವು ತೋರಿಸಬೇಕಾದ ಸತ್ಯ ಕೆಡುತ್ತದೆ. ಡಿಎಸ್‌ಗೆ ನಮ್ಮ ಡೇಟಾ ಸೆಗ್ಮೆಂಟನ್ನು ತುಂಬೋಣವೆಂದರೆ ಅದನ್ನು ಮೊದಲು ಎಲ್ಲಾದರೂ ಉಳಿಸಬೇಕು. ಉಳಿಸಲು ಜಾಗ ಬೇಕು. ಆ ಜಾಗದ ವಿಳಾಸಕ್ಕೆ ಡಿಎಸ್ ಬೇಕು. ಈ ಸುತ್ತಿನಿಂದ ಹೊರಬರುವ ದಾರಿಯೆಂದರೆ ಕೋಡ್ ಸೆಗ್ಮೆಂಟಿನಲ್ಲೇ ಒಂದಷ್ಟು ಜಾಗ ಕಾದಿರಿಸಿ, ಇನ್‌ಸ್ಟ್ರಕ್ಷನ್ನಿನ ಮುಂದೆ ಸಿಎಸ್ ಪ್ರಿಫಿಕ್ಸ್ (ವಿಳಾಸಕ್ಕೆ ಡಿಎಸ್ ಬದಲು ಸಿಎಸ್ ಬಳಸು ಎನ್ನುವ ಸೂಚನೆ) ಹಾಕಿ, ಎಎಕ್ಸ್‌ನಿಂದ ಆರಂಭಿಸಿ ಒಂದೊಂದನ್ನೇ ಅಲ್ಲಿ ಬರೆದಿಡುವುದು. 8086ರಲ್ಲಿ ಎಲ್ಲವನ್ನೂ ಒಟ್ಟಿಗೆ ಸ್ಟ್ಯಾಕಿಗೆ ತಳ್ಳುವ ಪುಶ್‌ಎ ಇರಲಿಲ್ಲ. ಅದು 80186ರಲ್ಲಿ ಬಂತು. ಇದ್ದರೂ ನಾನು ಬಳಸುತ್ತಿರಲಿಲ್ಲ. ಡಿಬಗ್ ಆಗುತ್ತಿರುವ ಪ್ರೋಗ್ರಾಮಿನ ಸ್ಟ್ಯಾಕಿನಲ್ಲಿ ಎಷ್ಟು ಜಾಗ ಉಳಿದಿದೆಯೆಂದು ನಮಗೆ ತಿಳಿದಿರುವುದಿಲ್ಲ. ಪ್ರೊಸೆಸರ್ ಈಗಾಗಲೇ ನಮ್ಮನ್ನು ಕೇಳದೆ ಅಲ್ಲಿ ಆರು ಬೈಟು ಬರೆದಾಗಿದೆ. ಇನ್ನೊಬ್ಬರ ಮನೆಯಲ್ಲಿ ಇಳಿದುಕೊಂಡ ಅತಿಥಿ ಅವರ ಉಗ್ರಾಣಕ್ಕೆ ಕೈಹಾಕದಿರುವುದು ಲೇಸು.

ಆ ಆರು ಬೈಟಿನ ಬಗ್ಗೆಯೂ ಒಂದು ಮಾತಿದೆ. ಎಸ್‌ಪಿಯ ಕೆಳಗಿನ ಜಾಗ ಖಾಲಿ ಎಂದು ಎಲ್ಲರೂ ಭಾವಿಸಿದರೂ, ಪಾಪ್ ಮಾಡಿದ, ಅಂದರೆ ಸ್ಟ್ಯಾಕಿನಿಂದ ತೆಗೆದ, ಮೌಲ್ಯ ಅಲ್ಲಿ ಇನ್ನೂ ಉಳಿದಿರುತ್ತದೆ. ಅದನ್ನು ಮತ್ತೆ ಓದುವ ಪ್ರೋಗ್ರಾಮುಗಳಿದ್ದವು. ಡಿಬಗರಿನ ಅಡಿಯಲ್ಲಿ ನಡೆಸಿದರೆ ಅಂಥವು ಬೇರೆಯೇ ರೀತಿಯಲ್ಲಿ ವರ್ತಿಸುತ್ತಿದ್ದವು. ಇಂದಿನ 64 ಬಿಟ್ ಲಿನಕ್ಸ್‌ನಲ್ಲಿ ಇದೇ ಅಭ್ಯಾಸಕ್ಕೆ ಅಧಿಕೃತ ಹೆಸರಿದೆ: ಸ್ಟ್ಯಾಕ್ ಪಾಯಿಂಟರಿನ ಕೆಳಗಿನ 128 ಬೈಟುಗಳನ್ನು ರೆಡ್ ಝೋನ್ ಎಂದು ಕರೆದು, ಬೇರೊಂದು ಫಂಕ್ಷನ್ನನ್ನು ಕರೆಯದ ಫಂಕ್ಷನ್ನುಗಳು ಅದನ್ನು ನಿರಾಳವಾಗಿ ಬಳಸಬಹುದೆಂದು ನಿಯಮ ಮಾಡಲಾಗಿದೆ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ಲಿನ ಕೋಡಿನಲ್ಲಿ ಮಾತ್ರ ಈ ಸೌಲಭ್ಯವನ್ನು ಕಂಪೈಲರಿಗೆ ಹೇಳಿ ನಿಲ್ಲಿಸಿರುತ್ತಾರೆ. ಅಲ್ಲಿ ಇಂಟರಪ್ಟ್ ಬಂದರೆ ಪ್ರೊಸೆಸರ್ ಅದೇ ಸ್ಟ್ಯಾಕಿನ ಮೇಲೆ, ಅದೇ ಜಾಗದಲ್ಲಿ ಬರೆದುಬಿಡಬಹುದು.

ಬ್ರೇಕ್‌ಪಾಯಿಂಟಿನ ಕೆಲಸ ನನಗೆ ಇಂದಿಗೂ ಬಹಳ ಪ್ರಿಯವಾದದ್ದು. ಆ ಪಟ್ಟಿಯ ಯಾವುದಾದರೂ ನಮೂದಿನ ಹ್ಯಾಂಡ್ಲರನ್ನು ಬೇಕೆಂದೇ ಕರೆಯುವ ಇಂಟ್ ಎಂಬ ಇನ್‌ಸ್ಟ್ರಕ್ಷನ್ನಿಗೆ ಸಾಮಾನ್ಯವಾಗಿ ಎರಡು ಬೈಟು ಬೇಕು. ಇಂಟ್ 3ಕ್ಕೆ ಮಾತ್ರ ಪ್ರತ್ಯೇಕವಾದ ಒಂದೇ ಬೈಟಿನ ರೂಪವಿದೆ: ಹೆಕ್ಸ್‌ನಲ್ಲಿ ಸಿಸಿ. ಕಾರಣ ಸರಳ. ಈ ಪ್ರೊಸೆಸರಿನ ಅತಿ ಚಿಕ್ಕ ಇನ್‌ಸ್ಟ್ರಕ್ಷನ್ ಒಂದು ಬೈಟಿನದು. ಎರಡು ಬೈಟಿನ ಬ್ರೇಕ್‌ಪಾಯಿಂಟನ್ನು ಅದರ ಮೇಲೆ ಹೊದಿಸಿದರೆ ಪಕ್ಕದ ಇನ್‌ಸ್ಟ್ರಕ್ಷನ್ನಿನ ತಲೆಯೂ ಮುಚ್ಚಿಹೋಗುತ್ತದೆ, ಮತ್ತು ಯಾವುದಾದರೂ ಜಂಪ್ ನೇರವಾಗಿ ಆ ಪಕ್ಕದ ಇನ್‌ಸ್ಟ್ರಕ್ಷನ್ನಿಗೇ ಬಂದಿಳಿದರೆ ಪ್ರೊಸೆಸರ್ ಕಸವನ್ನು ಇನ್‌ಸ್ಟ್ರಕ್ಷನ್ ಎಂದು ಓದುತ್ತದೆ. ಡಿಬಗರ್ ಬರೆಯುವವರ ಕಷ್ಟವನ್ನು ಚಿಪ್ ವಿನ್ಯಾಸ ಮಾಡಿದವರು ಮೊದಲೇ ಯೋಚಿಸಿ, 256 ಆಪ್‌ಕೋಡುಗಳಲ್ಲಿ (ಇನ್‌ಸ್ಟ್ರಕ್ಷನ್ನಿನ ಸಂಕೇತ) ಒಂದನ್ನು ಇದಕ್ಕಾಗಿ ಬಿಟ್ಟುಕೊಟ್ಟರು ಎಂಬುದು ನನಗೆ ಗೌರವ ಹುಟ್ಟಿಸುವ ಸಂಗತಿ. ಆಪ್‌ಕೋಡಿನ ಒಂದೊಂದು ಬೈಟೂ ಬೆಲೆಬಾಳುತ್ತಿದ್ದ ಕಾಲ ಅದು.

ಡಿಬಗರ್ ಮಾಡುವುದು ಇಷ್ಟು. ಬೇಕಾದ ಜಾಗದಲ್ಲಿರುವ ಮೂಲ ಬೈಟನ್ನು ಎತ್ತಿಟ್ಟುಕೊಂಡು ಅಲ್ಲಿ ಸಿಸಿ ಬರೆಯುತ್ತದೆ. ಪ್ರೋಗ್ರಾಮ್ ಓಡುತ್ತ ಅಲ್ಲಿಗೆ ಬಂದಾಗ ಎಕ್ಸೆಪ್ಶನ್ ಆಗಿ ಹ್ಯಾಂಡ್ಲರ್ ಕೈಗೆ ಹಿಡಿತ ಬರುತ್ತದೆ. ಸ್ಟ್ಯಾಕಿನಲ್ಲಿರುವ ಐಪಿ ಆಗ ಸಿಸಿಯ ಮುಂದಿನ ಬೈಟನ್ನು ತೋರುತ್ತಿರುತ್ತದೆ. ಇಂಟ್ 3 ನಡೆದು ಮುಗಿದಾಗಿದೆ ಎಂದು ಪ್ರೊಸೆಸರಿನ ಲೆಕ್ಕ. ಆದ್ದರಿಂದ ಆ ಐಪಿಯಿಂದ ಒಂದನ್ನು ಕಳೆಯಬೇಕು, ಮೂಲ ಬೈಟನ್ನು ಮರಳಿ ಇಡಬೇಕು. ಈಗ ಐರೆಟ್ ಎಂಬ, ಸ್ಟ್ಯಾಕಿನಲ್ಲಿಟ್ಟ ಆ ಆರು ಬೈಟನ್ನು ಮರಳಿ ತುಂಬಿಕೊಳ್ಳುವ ಇನ್‌ಸ್ಟ್ರಕ್ಷನ್ ಮೂಲಕ ಹಿಂದಿರುಗಿದರೆ ಪ್ರೋಗ್ರಾಮ್ ಏನೂ ಆಗದಂತೆ ಮುಂದುವರಿಯುತ್ತದೆ. ಆದರೆ ಬ್ರೇಕ್‌ಪಾಯಿಂಟ್ ಅಳಿಸಿಹೋಗಿರುತ್ತದೆ, ಲೂಪಿನಲ್ಲಿ ಮತ್ತೆ ಅಲ್ಲಿಗೆ ಬಂದಾಗ ನಿಲ್ಲುವುದಿಲ್ಲ. ಅದಕ್ಕಾಗಿ ಹಿಂದಿರುಗುವ ಮುನ್ನ ಸ್ಟ್ಯಾಕಿನಲ್ಲಿರುವ ಫ್ಲ್ಯಾಗಿನ ಪ್ರತಿಯಲ್ಲಿ 8ನೆಯ ಬಿಟ್ಟನ್ನು, ಅಂದರೆ ಟ್ರ್ಯಾಪ್ ಫ್ಲ್ಯಾಗನ್ನು, ಒಂದಾಗಿಸಬೇಕು. ಐರೆಟ್ ಆ ಪ್ರತಿಯನ್ನು ಮರಳಿ ತುಂಬುತ್ತದೆ, ಮೂಲ ಇನ್‌ಸ್ಟ್ರಕ್ಷನ್ ಒಂದೇ ಒಂದು ಹೆಜ್ಜೆ ನಡೆಯುತ್ತದೆ, ಕೂಡಲೇ 1ನೆಯ ಎಕ್ಸೆಪ್ಶನ್ ಮೂಲಕ ಹಿಡಿತ ನಮಗೆ ಬರುತ್ತದೆ. ಆಗ ಸಿಸಿಯನ್ನು ಮತ್ತೆ ಅದರ ಜಾಗದಲ್ಲಿಟ್ಟು, ಟ್ರ್ಯಾಪ್ ಫ್ಲ್ಯಾಗ್ ತೆಗೆದು, ಪ್ರೋಗ್ರಾಮನ್ನು ಓಡಲು ಬಿಡಬೇಕು. ಒಂದು ಬೈಟು ತೆಗೆದು, ಒಂದು ಹೆಜ್ಜೆ ಇಟ್ಟು, ಮತ್ತೆ ಆ ಬೈಟು ಇಡುವ ಈ ಕ್ರಮವನ್ನು ಜಿಡಿಬಿಯಂಥ ಡಿಬಗರುಗಳು ಈಗಲೂ ಪಾಲಿಸುತ್ತವೆ. ಲಿನಕ್ಸ್‌ನಲ್ಲಿ ಪಿಟ್ರೇಸ್ ಎಂಬ ಸಿಸ್ಟಮ್ ಕಾಲ್ ನಡುವೆ ನಿಂತು ಸಿಗ್‌ಟ್ರ್ಯಾಪ್ ಎಂಬ ಸಿಗ್ನಲ್ಲಿನ ರೂಪದಲ್ಲಿ ಸುದ್ದಿ ಮುಟ್ಟಿಸುತ್ತದೆ, ಅಷ್ಟೇ ವ್ಯತ್ಯಾಸ.

ಬೈಟನ್ನು ಬದಲಿಸಿದ ಕೂಡಲೇ ಪ್ರೊಸೆಸರಿಗೆ ಅದು ತಿಳಿಯುತ್ತದೆಯೇ ಎಂಬ ಅನುಮಾನ ನನ್ನನ್ನು ಆಗ ಬಹಳ ಕಾಡಿತ್ತು. 8086 ಮುಂದಿನ ಆರು ಬೈಟುಗಳನ್ನು ಮೊದಲೇ ತಂದಿಟ್ಟುಕೊಳ್ಳುತ್ತದೆ, ಅದರ ಸೋದರ ಚಿಪ್ 8088 ನಾಲ್ಕನ್ನು. ತಂದಿಟ್ಟ ಮೇಲೆ ಮೆಮೊರಿಯಲ್ಲಿ ಬದಲಾವಣೆ ಮಾಡಿದರೆ ಅದು ಹಳೆಯದನ್ನೇ ನಡೆಸುತ್ತದೆ. ಆದರೆ ಐರೆಟ್ ಒಂದು ದೂರದ ಜಿಗಿತ. ಮೊದಲೇ ತಂದಿಟ್ಟ ಆ ಬೈಟುಗಳನ್ನು ಅದು ಖಾಲಿ ಮಾಡಿಸುತ್ತದೆ. ಹಿಂದಿರುಗುವ ದಾರಿಯೇ ಇಲ್ಲಿ ನಮ್ಮನ್ನು ಕಾಪಾಡುತ್ತದೆ.

ಟ್ರ್ಯಾಪ್ ಫ್ಲ್ಯಾಗ್ ಇನ್ನೊಂದು ಸೂಕ್ಷ್ಮವಾದ ಸುಳ್ಳನ್ನು ಹೇಳಿಸುತ್ತದೆ. ಹೆಜ್ಜೆ ಹೆಜ್ಜೆಯಾಗಿ ನಡೆಸುತ್ತಿರುವ ಪ್ರೋಗ್ರಾಮ್ ಪುಶ್‌ಎಫ್ ಎಂಬ ಇನ್‌ಸ್ಟ್ರಕ್ಷನ್ ಮೂಲಕ ತನ್ನ ಫ್ಲ್ಯಾಗುಗಳನ್ನು ಸ್ಟ್ಯಾಕಿಗೆ ತಳ್ಳಿದರೆ, ನಾವು ಹಾಕಿದ ಟ್ರ್ಯಾಪ್ ಫ್ಲ್ಯಾಗೂ ಅದರ ಜೊತೆ ಹೋಗಿ ಕೂರುತ್ತದೆ. ಆ ಪ್ರೋಗ್ರಾಮ್ ಅದನ್ನು ಮುಂದೆಂದೋ ಮರಳಿ ತುಂಬಿಕೊಂಡರೆ, ನಾವು ಕೇಳದ ಜಾಗದಲ್ಲಿ ಟ್ರ್ಯಾಪ್ ಏಳುತ್ತದೆ. ಒಳ್ಳೆಯ ಡಿಬಗರ್ ನಡೆದ ಇನ್‌ಸ್ಟ್ರಕ್ಷನ್ ಪುಶ್‌ಎಫ್ ಆಗಿತ್ತೇ ಎಂದು ನೋಡಿ, ಆಗಿದ್ದರೆ ಸ್ಟ್ಯಾಕಿನಲ್ಲಿರುವ ಪ್ರತಿಯಿಂದ ಆ ಬಿಟ್ಟನ್ನು ತೆಗೆದುಹಾಕಬೇಕು. ನಾನು ಇದನ್ನು ಸರಿಪಡಿಸಿದ ದಿನ ನನ್ನ ಡಿಬಗರನ್ನು ಮೊದಲ ಬಾರಿಗೆ ನಂಬಬಹುದೆನಿಸಿತು.

ಇವೆಲ್ಲ ಮುಗಿದ ಮೇಲೆ ತೆರೆಗೆ ಬರೆಯುವ ಕೆಲಸ. ಡಾಸ್‌ನ ಇಂಟ್ 21 ಸೇವೆಯನ್ನು ಕರೆದು ಅಕ್ಷರ ಮುದ್ರಿಸುವುದು ಸುಲಭ. ಆದರೆ ನಾವು ನಿಲ್ಲಿಸಿದ ಪ್ರೋಗ್ರಾಮ್ ಆ ಹೊತ್ತಿಗೆ ಡಾಸ್‌ನ ಒಳಗೇ ಇದ್ದಿರಬಹುದು, ಮತ್ತು ಡಾಸ್ ಒಂದು ಕೆಲಸದ ನಡುವೆ ಇನ್ನೊಮ್ಮೆ ತನ್ನನ್ನು ಕರೆಯುವುದನ್ನು ಸಹಿಸುವುದಿಲ್ಲ. ಹಾಗಾಗಿ ನಾನು ಬಿ800 ಸೆಗ್ಮೆಂಟಿನಲ್ಲಿರುವ ವಿಡಿಯೋ ಮೆಮೊರಿಗೆ ನೇರವಾಗಿ ಅಕ್ಷರಗಳನ್ನು ಬರೆದೆ.

ಒಂದೇ ಎಕ್ಸೆಪ್ಶನ್ ಬೇರೆ ಬೇರೆ ಚಿಪ್ಪುಗಳಲ್ಲಿ ಬೇರೆ ಮಾತಾಡುತ್ತದೆ ಎಂಬುದನ್ನು ಕಲಿಸಿದ್ದು ಭಾಗಾಕಾರ. 8086ರಲ್ಲಿ ಶೂನ್ಯದಿಂದ ಭಾಗಿಸಿದಾಗ ಸ್ಟ್ಯಾಕಿನಲ್ಲಿ ಉಳಿಯುವ ಐಪಿ ಭಾಗಾಕಾರದ ಮುಂದಿನ ಇನ್‌ಸ್ಟ್ರಕ್ಷನ್ನನ್ನು ತೋರುತ್ತದೆ. 80286ರಿಂದ ಈಚೆಗೆ ಅದು ಭಾಗಾಕಾರದ ಇನ್‌ಸ್ಟ್ರಕ್ಷನ್ನನ್ನೇ ತೋರುತ್ತದೆ. ಹಳೆಯ ಚಿಪ್ಪಿಗೆಂದು ಬರೆದ ಹ್ಯಾಂಡ್ಲರ್ ತಪ್ಪನ್ನು ಗುರುತುಮಾಡಿಕೊಂಡು ಸುಮ್ಮನೆ ಐರೆಟ್ ಮಾಡುತ್ತಿದ್ದರೆ ಹೊಸ ಚಿಪ್ಪಿನಲ್ಲಿ ಅದು ಹಿಂದಿರುಗಿ ಅದೇ ಭಾಗಾಕಾರವನ್ನು ಮತ್ತೆ ಮಾಡಿ, ಮತ್ತೆ ಎಕ್ಸೆಪ್ಶನ್ ಎಬ್ಬಿಸಿ, ಕೊನೆಯೇ ಇಲ್ಲದಂತೆ ಸುತ್ತುತ್ತದೆ. ಇಲ್ಲಿ ಬಂದ ದಾರಿಗೂ ಸುಂಕವಿದೆ. ಈ ಬದಲಾವಣೆಯ ಹಿಂದಿನ ಯೋಚನೆ ಮಾತ್ರ ಸರಿಯಾದದ್ದು. ತಪ್ಪಿಗೆ ಕಾರಣವಾದ ಇನ್‌ಸ್ಟ್ರಕ್ಷನ್ನನ್ನೇ ತೋರಿಸಿದರೆ ಹ್ಯಾಂಡ್ಲರ್ ಅದನ್ನು ಓದಬಹುದು, ಕಾರಣವನ್ನು ಸರಿಪಡಿಸಿ ಮತ್ತೆ ನಡೆಸಬಹುದು. ಇಂಟೆಲ್ ಇಂಥವನ್ನು ಫಾಲ್ಟ್ ಎಂದು ಕರೆಯಿತು. ನಡೆದು ಮುಗಿದ ಮೇಲೆ ಸುದ್ದಿ ಹೇಳುವವನ್ನು ಟ್ರ್ಯಾಪ್ ಎಂದಿತು. ಹಿಂದಿರುಗುವ ದಾರಿಯನ್ನೇ ನಂಬಲಾಗದವನ್ನು ಅಬಾರ್ಟ್ ಎಂದಿತು. ಇರುವುದಕ್ಕಿಂತ ಹೆಚ್ಚು ಮೆಮೊರಿ ಇದೆಯೆಂದು ಪ್ರೋಗ್ರಾಮಿಗೆ ತೋರಿಸುವ ವರ್ಚುವಲ್ ಮೆಮೊರಿ ಎಂಬುದು ಸಾಧ್ಯವಾದದ್ದೇ ಪೇಜ್ ಫಾಲ್ಟ್ ಮೊದಲ ಗುಂಪಿಗೆ ಸೇರಿರುವುದರಿಂದ: ಇಲ್ಲದ ಪುಟವನ್ನು ತಂದಿಟ್ಟು ಹಿಂದಿರುಗಿದರೆ ಅದೇ ಇನ್‌ಸ್ಟ್ರಕ್ಷನ್ ಮರಳಿ ನಡೆದು ಈ ಬಾರಿ ಗೆಲ್ಲುತ್ತದೆ.

ಕೆಲಸಕ್ಕೆ ಸೇರಿದ ಮೇಲೆ ಬಾಡಿಗೆ ಕೋಣೆಯಲ್ಲಿ ಒಂದು ಹಳೆಯ 386 ಕಂಪ್ಯೂಟರ್ ಇಟ್ಟುಕೊಂಡು ಅದೇ ಡಿಬಗರನ್ನು, ಪ್ರೋಗ್ರಾಮುಗಳನ್ನು ಒಂದರಿಂದ ಒಂದು ಕಾಪಾಡುವ ಪ್ರೊಟೆಕ್ಟೆಡ್ ಮೋಡ್‌ಗೆ ಒಯ್ಯುವ ಪ್ರಯತ್ನ ಮಾಡಿದೆ. ಅಲ್ಲಿ ನಾಲ್ಕು ಬೈಟಿನ ನಮೂದಿನ ಬದಲು ಎಂಟು ಬೈಟಿನ ಗೇಟ್ ಇರುತ್ತದೆ, ಪಟ್ಟಿ ಎಲ್ಲಿ ಬೇಕಾದರೂ ಇರಬಹುದು. ಮೊದಲ ತೊಡಕು ಎರರ್ ಕೋಡ್. 386ರಲ್ಲಿ 8ನೆಯ ಎಕ್ಸೆಪ್ಶನ್ ಹಾಗೂ 10ರಿಂದ 14ರವರೆಗಿನವು ಸ್ಟ್ಯಾಕಿನ ಮೇಲೆ ಹೆಚ್ಚುವರಿಯಾಗಿ ಒಂದು ಎರರ್ ಕೋಡ್ ತಳ್ಳುತ್ತವೆ, ಉಳಿದವು ತಳ್ಳುವುದಿಲ್ಲ. ಎಲ್ಲಕ್ಕೂ ಒಂದೇ ಸಾಮಾನ್ಯ ಹ್ಯಾಂಡ್ಲರ್ ಬರೆಯಬೇಕಾದರೆ, ಎರರ್ ಕೋಡ್ ತಳ್ಳದವುಗಳ ಪ್ರವೇಶದ್ವಾರದಲ್ಲಿ ನಾವೇ ಒಂದು ಸೊನ್ನೆಯನ್ನು ತಳ್ಳಿ ಎಲ್ಲವನ್ನೂ ಒಂದೇ ಆಕಾರಕ್ಕೆ ತರಬೇಕು, ಹಿಂದಿರುಗುವಾಗ ಅದನ್ನು ಮರೆಯದೆ ಸ್ಟ್ಯಾಕಿನಿಂದ ತೆಗೆಯಬೇಕು. ಮರೆತರೆ ಐರೆಟ್ ಎರರ್ ಕೋಡನ್ನೇ ವಿಳಾಸವೆಂದು ಓದಿ ಎಲ್ಲೋ ಜಿಗಿಯುತ್ತದೆ. ಇನ್ನೊಂದು ತೊಡಕು, ಐಬಿಎಂ ಪಿಸಿಯ ಇತಿಹಾಸದಿಂದ ಬಂದದ್ದು. ಮೊದಲ 32 ಸಂಖ್ಯೆಗಳನ್ನು ಇಂಟೆಲ್ ತನಗೆಂದು ಕಾದಿರಿಸಿತ್ತು, ಆದರೆ 1981ರಲ್ಲಿ ಬಂದ ಪಿಸಿ 8ರಿಂದ 15ರವರೆಗಿನ ಸಂಖ್ಯೆಗಳನ್ನು ಟೈಮರ್, ಕೀಬೋರ್ಡ್ ಮುಂತಾದ ಹಾರ್ಡ್‌ವೇರ್ ಇಂಟರಪ್ಟುಗಳಿಗೆ ಕೊಟ್ಟಿತು. ಹಾಗಾಗಿ 8ನೆಯ ಹ್ಯಾಂಡ್ಲರಿಗೆ ಹಿಡಿತ ಬಂದಾಗ ಅದು ಡಬಲ್ ಫಾಲ್ಟೋ, ಟೈಮರಿನ ಟಿಕ್ಕೋ ಎಂಬುದೇ ತಿಳಿಯುವುದಿಲ್ಲ. ಪ್ರೊಟೆಕ್ಟೆಡ್ ಮೋಡ್ ಬರೆಯುವವರೆಲ್ಲ ಮೊದಲು ಇಂಟರಪ್ಟ್ ಕಂಟ್ರೋಲರನ್ನು 32ನೆಯ ಸಂಖ್ಯೆಯಿಂದಾಚೆಗೆ ಸರಿಸುವುದು ಇದೇ ಕಾರಣಕ್ಕೆ.

ಮೂರನೆಯ ತೊಡಕಿಗೆ ನಾನು ಒಂದು ವಾರ ಕೊಟ್ಟೆ. ಬಳಕೆದಾರ ಮಟ್ಟದಲ್ಲಿ ಓಡುವ ಪ್ರೋಗ್ರಾಮಿನಲ್ಲಿ ಸಿಸಿ ಇಟ್ಟರೆ 3ನೆಯ ಎಕ್ಸೆಪ್ಶನ್ ಬದಲು 13ನೆಯದು, ಜನರಲ್ ಪ್ರೊಟೆಕ್ಷನ್, ಏಳುತ್ತಿತ್ತು. ಅದರ ಎರರ್ ಕೋಡ್ ಪ್ರತಿ ಬಾರಿಯೂ 26. ಬಹಳ ಹೊತ್ತು ಆ ಸಂಖ್ಯೆಯನ್ನು ಸುಮ್ಮನೆ ನೋಡುತ್ತ ಕುಳಿತಿದ್ದೆ. ಆಮೇಲೆ ಅದನ್ನು ಬಿಟ್ಟುಗಳಾಗಿ ಒಡೆದೆ: 26 ಎಂದರೆ ಮೂರೆಂಟ್ಲೆ ಇಪ್ಪತ್ತನಾಲ್ಕು, ಮೇಲೆ ಎರಡು. ಆ ಎರಡು ಎಂಬ ಬಿಟ್ಟು "ತೊಂದರೆ ಇಂಟರಪ್ಟ್ ಪಟ್ಟಿಯಲ್ಲಿದೆ" ಎನ್ನುತ್ತದೆ, ಮೂರು ಎಂಬುದು ಅದರ 3ನೆಯ ಗೇಟ್. ಬಳಕೆದಾರ ಮಟ್ಟದ ಕೋಡ್ ಇಂಟ್ 3 ಮೂಲಕ ಒಳಬರಬೇಕಾದರೆ ಆ ಗೇಟಿನ ಪ್ರಿವಿಲೆಜ್ (ಅಧಿಕಾರ) ಮಟ್ಟ, ಕರ್ನೆಲ್ಲಿನ 0 ಅಲ್ಲ, ಬಳಕೆದಾರನ 3 ಆಗಿರಬೇಕು. ನಾನು ಎಲ್ಲ ಗೇಟುಗಳಿಗೂ ಸೊನ್ನೆ ಕೊಟ್ಟಿದ್ದೆ. ಪ್ರೊಸೆಸರ್ ಮೊದಲ ಸಲವೇ ತಪ್ಪಿನ ಜಾಗವನ್ನು ಬೆರಳಿಟ್ಟು ತೋರಿಸಿತ್ತು, ಓದುವ ತಾಳ್ಮೆ ನನಗೆ ಬೇಕಿತ್ತು. ಎರರ್ ಕೋಡನ್ನು ಓದದೆ ಊಹೆಯ ಮೇಲೆ ಕೋಡ್ ಬದಲಿಸುವವರನ್ನು ಕಂಡಾಗ ಈಗಲೂ ನಾನು ಈ 26ರ ಕತೆ ಹೇಳುತ್ತೇನೆ.

ಮತ್ತು ರಿಸೆಟ್. ಎಕ್ಸೆಪ್ಶನ್ನನ್ನು ತಲುಪಿಸುವಾಗಲೇ ಇನ್ನೊಂದು ಎಕ್ಸೆಪ್ಶನ್ ಎದ್ದರೆ ಡಬಲ್ ಫಾಲ್ಟ್. ಅದನ್ನು ತಲುಪಿಸುವಾಗಲೂ ಎಡವಿದರೆ ಪ್ರೊಸೆಸರ್ ಕೈಚೆಲ್ಲಿ ನಿಂತುಬಿಡುತ್ತದೆ, ಪಿಸಿಯಲ್ಲಿ ಅದರ ಫಲ ರಿಸೆಟ್. ತೆರೆ ಕಪ್ಪಾಗಿ ಮೆಮೊರಿ ಎಣಿಕೆ ಮತ್ತೆ ಆರಂಭವಾಗುವುದನ್ನು ಆ ಚಳಿಗಾಲದಲ್ಲಿ ನಾನು ನೂರಾರು ಬಾರಿ ನೋಡಿದ್ದೇನೆ.

1985ರ 386ರಲ್ಲಿ ಡಿಬಗರಿಗೆಂದೇ ಇಟ್ಟ ರಿಜಿಸ್ಟರುಗಳು ಬಂದದ್ದು ದೊಡ್ಡ ಬದಲಾವಣೆ. ಡಿಆರ್0ರಿಂದ ಡಿಆರ್3ರವರೆಗೆ ನಾಲ್ಕು ವಿಳಾಸಗಳನ್ನು ಇಡಬಹುದು; ಡಿಆರ್7ರಲ್ಲಿ ಯಾವುದಕ್ಕೆ ಎಂಥ ಕಾವಲು ಎಂದು ಬರೆಯಬಹುದು; ಯಾವುದು ತಾಗಿತು ಎಂಬುದನ್ನು ಡಿಆರ್6 ಹೇಳುತ್ತದೆ. ಸಿಸಿ ಬರೆಯಲಾಗದ ರೋಮ್‌ನಲ್ಲಿ, ಅಂದರೆ ಓದಲು ಮಾತ್ರ ಬರುವ ಮೆಮೊರಿಯಲ್ಲಿ, ಬ್ರೇಕ್‌ಪಾಯಿಂಟ್ ಇಡುವುದು ಇದರಿಂದ ಸಾಧ್ಯವಾಯಿತು. ಒಂದು ವೇರಿಯಬಲ್ಲಿಗೆ ಯಾರು ಬರೆಯುತ್ತಿದ್ದಾರೆ ಎಂದು ಕಾಯುವುದೂ ಸಾಧ್ಯವಾಯಿತು. ಇದರಲ್ಲೂ ಹಿಂದಿರುಗುವ ದಾರಿಯ ಪ್ರಶ್ನೆಯೇ ಬಂದು ನಿಲ್ಲುತ್ತದೆ. ಡೇಟಾ ಮೇಲಿನ ಕಾವಲು ಟ್ರ್ಯಾಪ್: ಬರೆಯುವ ಕೆಲಸ ಮುಗಿದ ಮೇಲೆ ಸುದ್ದಿ ಬರುತ್ತದೆ. ಇನ್‌ಸ್ಟ್ರಕ್ಷನ್ ಮೇಲಿನ ಕಾವಲು ಫಾಲ್ಟ್: ಅದು ನಡೆಯುವ ಮುನ್ನವೇ ಸುದ್ದಿ ಬರುತ್ತದೆ. ಆ ಎರಡನೆಯದರಿಂದ ಸುಮ್ಮನೆ ಹಿಂದಿರುಗಿದರೆ ಅದೇ ಇನ್‌ಸ್ಟ್ರಕ್ಷನ್ ಅದೇ ಕಾವಲಿಗೆ ಮತ್ತೆ ಸಿಕ್ಕಿಬೀಳುತ್ತದೆ. ಇದಕ್ಕಾಗಿ ಇಂಟೆಲ್ ಫ್ಲ್ಯಾಗ್ ರಿಜಿಸ್ಟರಿನ 16ನೆಯ ಬಿಟ್ಟಿನಲ್ಲಿ ರೆಸ್ಯೂಮ್ ಫ್ಲ್ಯಾಗ್ ಎಂಬುದನ್ನು ಇಟ್ಟಿತು. ಸ್ಟ್ಯಾಕಿನ ಪ್ರತಿಯಲ್ಲಿ ಅದನ್ನು ಒಂದಾಗಿಸಿ ಹಿಂದಿರುಗಿದರೆ ಒಂದು ಇನ್‌ಸ್ಟ್ರಕ್ಷನ್ನಿನ ಮಟ್ಟಿಗೆ ಆ ಕಾವಲು ಕಣ್ಣು ಮುಚ್ಚುತ್ತದೆ. ಡಿಆರ್6 ಮಾತ್ರ ತಾನಾಗಿ ಒರೆಸಿಹೋಗುವುದಿಲ್ಲ; ಹಿಂದಿನ ಬಾರಿಯ ಗುರುತು ಉಳಿದುಕೊಂಡು ಮುಂದಿನ ಬಾರಿ ಗೊಂದಲ ಮಾಡದಂತೆ ಹ್ಯಾಂಡ್ಲರೇ ಅದನ್ನು ಸೊನ್ನೆ ಮಾಡಬೇಕು.

ಮೊದಲು ಹೇಳಿದ ಆ ಸಂಜೆಗೆ ಮರಳುತ್ತೇನೆ. ಮೂರನೆಯ ದಿನ ನಾನು ಹುಡುಕುತ್ತಿದ್ದ ಉತ್ತರ ನನ್ನ ಹ್ಯಾಂಡ್ಲರಿನೊಳಗೇ ಸಿಕ್ಕಿತು. ಡಿಬಗರ್ ತನ್ನ ಸ್ವಂತ ಸ್ಟ್ಯಾಕಿಗೆ ಹೋಗಬೇಕಾದ ಜಾಗದಲ್ಲಿ ನಾನೂ ಅದೇ ಜೋಡಿ ಬರೆದಿದ್ದೆ: ಮೊದಲು ಎಸ್‌ಎಸ್, ಕೂಡಲೇ ಎಸ್‌ಪಿ. ಈ ಎರಡರ ನಡುವೆ ಒಂದು ಇಂಟರಪ್ಟ್ ಬಂದರೆ ಏನಾಗುತ್ತದೆ ಎಂದು ಕಾಗದದ ಮೇಲೆ ಬರೆಯತೊಡಗಿದೆ. ಎಸ್‌ಎಸ್ ಹೊಸದು, ಎಸ್‌ಪಿ ಹಳೆಯದು. ಎರಡೂ ಕೂಡಿ ತೋರಿಸುವ ಜಾಗ ಯಾರದೂ ಅಲ್ಲ. ಪ್ರೊಸೆಸರ್ ತನ್ನ ಆರು ಬೈಟನ್ನು ಅಲ್ಲಿ ಬರೆದು ಯಾರದೋ ಡೇಟಾವನ್ನು ಅಳಿಸುತ್ತದೆ. ಹಾಗಾದರೆ ಇಷ್ಟು ವರ್ಷ ಎಲ್ಲರ ಪ್ರೋಗ್ರಾಮುಗಳೂ ಹೇಗೆ ಉಳಿದವು? ಮ್ಯಾನ್ಯುಯಲ್ ತೆರೆದು ಆ ಇನ್‌ಸ್ಟ್ರಕ್ಷನ್ನಿನ ವಿವರಣೆಯನ್ನು ಪೂರ್ತಿ ಓದಿದೆ. ಎಸ್‌ಎಸ್‌ಗೆ ಮೌಲ್ಯ ತುಂಬಿದ ಮೇಲೆ ಮುಂದಿನ ಒಂದು ಇನ್‌ಸ್ಟ್ರಕ್ಷನ್ ಮುಗಿಯುವವರೆಗೆ ಪ್ರೊಸೆಸರ್ ಯಾವ ಇಂಟರಪ್ಟನ್ನೂ ಒಳಗೆ ಬಿಡುವುದಿಲ್ಲ. ಆರಂಭದ 8088 ಚಿಪ್ಪುಗಳಲ್ಲಿ ಈ ಕಾವಲು ಇರಲಿಲ್ಲ, ತೊಂದರೆ ಕಂಡ ಮೇಲೆ ಇಂಟೆಲ್ ಅದನ್ನು ಸರಿಪಡಿಸಿತು. ಒಂದೊಂದೇ ಹೆಜ್ಜೆಯ ಟ್ರ್ಯಾಪ್ ಕೂಡ ಈ ಮುಚ್ಚಿದ ಬಾಗಿಲಿನ ಹೊರಗೇ ಉಳಿಯುತ್ತದೆ. ನನ್ನ ಕೋಡಿನಲ್ಲಿ ತಪ್ಪಿರಲಿಲ್ಲ. ಎಸ್‌ಪಿ ತುಂಬುವ ಆ ಸಾಲನ್ನು ಯಾವ ಡಿಬಗರೂ ಟ್ರ್ಯಾಪ್ ಫ್ಲ್ಯಾಗಿನ ಬಲದಿಂದ ಒಂಟಿಯಾಗಿ ನೋಡಲಾರದು. ಮೈಕ್ರೋಸಾಫ್ಟ್‌ನ ಡಿಬಗ್ ಪ್ರೋಗ್ರಾಮಿನಲ್ಲಿ ಅದೇ ಜೋಡಿಯನ್ನು ನಡೆಸಿ ನೋಡಿದೆ. ಅಲ್ಲೂ ಆ ಸಾಲು ಕಾಣಲಿಲ್ಲ. ಎರಡೂ ರಿಜಿಸ್ಟರುಗಳನ್ನು ಒಂದೇ ಇನ್‌ಸ್ಟ್ರಕ್ಷನ್ನಿನಲ್ಲಿ ತುಂಬುವ ಎಲ್‌ಎಸ್‌ಎಸ್ 386ರಲ್ಲಿ ಬಂತು, ಆದರೆ ಹಳೆಯ ನಿಯಮ ಹಾಗೆಯೇ ಉಳಿಯಿತು.

ಎಷ್ಟು ಕಾಲ ಉಳಿಯಿತೆಂದರೆ, 2018ರ ಮೇ ತಿಂಗಳಲ್ಲಿ ಸಿವಿಇ-2018-8897 ಎಂಬ ಹೆಸರಿನಲ್ಲಿ ಪ್ರಕಟವಾದ ಭದ್ರತಾ ದೋಷದ ವಿವರ ಓದುವಾಗ ಹಳೆಯ ಪರಿಚಿತರನ್ನು ಕಂಡಂತಾಯಿತು. ಮೆಮೊರಿಯಿಂದ ಎಸ್‌ಎಸ್‌ಗೆ ಮೌಲ್ಯ ತುಂಬುವ ಇನ್‌ಸ್ಟ್ರಕ್ಷನ್. ಆ ಮೆಮೊರಿಯ ಮೇಲೆ ಡಿಬಗ್ ರಿಜಿಸ್ಟರಿನ ಕಾವಲು. ಕಾವಲು ತಾಗುತ್ತದೆ, ಆದರೆ ಬಾಗಿಲು ಮುಚ್ಚಿರುವುದರಿಂದ ಆ ಎಕ್ಸೆಪ್ಶನ್ ಮುಂದಿನ ಇನ್‌ಸ್ಟ್ರಕ್ಷನ್ ಮುಗಿಯುವವರೆಗೆ ಕಾದು ನಿಲ್ಲುತ್ತದೆ. ಆ ಮುಂದಿನ ಇನ್‌ಸ್ಟ್ರಕ್ಷನ್ ಕರ್ನೆಲ್ಲಿನೊಳಗೆ ಹೋಗುವಂಥದ್ದಾಗಿದ್ದರೆ, ಡಿಬಗ್ ಎಕ್ಸೆಪ್ಶನ್ ಏಳುವುದು ಕರ್ನೆಲ್ಲಿನ ಹೊಸ್ತಿಲಲ್ಲಿ, ಅದು ತನ್ನ ರಿಜಿಸ್ಟರುಗಳನ್ನು ಇನ್ನೂ ಹೊಂದಿಸಿಕೊಳ್ಳುವ ಮೊದಲೇ. ಕರ್ನೆಲ್ ಮಟ್ಟದಿಂದ ಬಂದ ಎಕ್ಸೆಪ್ಶನ್ ಎಂದರೆ ಕರ್ನೆಲ್ ಸಿದ್ಧವಾಗಿಯೇ ಇದೆ ಎಂದು ನಂಬಿದ ಹ್ಯಾಂಡ್ಲರ್, ಬಳಕೆದಾರ ಇಟ್ಟ ಜಿಎಸ್ ರಿಜಿಸ್ಟರಿನ ಮೌಲ್ಯವನ್ನು ತನ್ನದೆಂದು ಬಳಸುವ ಅಪಾಯಕ್ಕೆ ಸಿಲುಕುತ್ತಿತ್ತು. ವಿಂಡೋಸ್, ಲಿನಕ್ಸ್, ಮ್ಯಾಕ್‌ಒಎಸ್, ಫ್ರೀಬಿಎಸ್‌ಡಿ, ಝೆನ್, ಎಲ್ಲರೂ ತೇಪೆ ಹಾಕಬೇಕಾಯಿತು. ಸ್ಟ್ಯಾಕನ್ನು ಕಾಪಾಡಲೆಂದು ಮಾಡಿದ ಒಂದು ಇನ್‌ಸ್ಟ್ರಕ್ಷನ್ನಿನಷ್ಟು ಅಗಲದ ನೆರಳು ನಾಲ್ಕು ದಶಕಗಳ ಕಾಲ ಅಲ್ಲೇ ಇತ್ತು. ಅದು ಎಲ್ಲೆಲ್ಲಿ ಬೀಳಬಹುದೆಂದು ಇಷ್ಟೂ ವ್ಯವಸ್ಥೆಗಳನ್ನು ಕಟ್ಟಿದವರು ಲೆಕ್ಕ ಹಾಕಿರಲಿಲ್ಲ.

ಈಗ ನನ್ನ ಕೆಲಸ ಹೆಚ್ಚಾಗಿ ಆರ್ಮ್ ಕಾರ್ಟೆಕ್ಸ್-ಎಂ ಚಿಪ್ಪುಗಳ ಮೇಲೆ. ಅಲ್ಲಿ ಎಕ್ಸೆಪ್ಶನ್ ಬಂದಾಗ ಹಾರ್ಡ್‌ವೇರ್ ತಾನೇ ಎಂಟು ವರ್ಡುಗಳನ್ನು, ಅಂದರೆ 32 ಬೈಟುಗಳನ್ನು, ಸ್ಟ್ಯಾಕಿಗೆ ತಳ್ಳುತ್ತದೆ: ಆರ್0ರಿಂದ ಆರ್3, ಆರ್12, ಲಿಂಕ್ ರಿಜಿಸ್ಟರ್, ಹಿಂದಿರುಗುವ ವಿಳಾಸ, ಸ್ಥಿತಿಯ ರಿಜಿಸ್ಟರ್. ಸಿ ಭಾಷೆಯ ಫಂಕ್ಷನ್ ಕೆಡಿಸಬಹುದಾದ ರಿಜಿಸ್ಟರುಗಳೇ ಅವು, ಆದ್ದರಿಂದ ಹ್ಯಾಂಡ್ಲರನ್ನು ಸಿಯಲ್ಲೇ ಬರೆಯಬಹುದು. ಅನುಕೂಲ ದೊಡ್ಡದು. ಆದರೆ ಡಿಬಗರಿಗೆ ಆರ್4ರಿಂದ ಆರ್11ರವರೆಗಿನವೂ ಬೇಕು. ಸಿ ಫಂಕ್ಷನ್ನಿನ ಒಳಗೆ ಕಾಲಿಟ್ಟ ಮೇಲೆ ಅವು ಎಲ್ಲಿಗೆ ಹೋದವೆಂದು ಹೇಳಲಾಗದು. ಹಾಗಾಗಿ ಹ್ಯಾಂಡ್ಲರಿನ ಬಾಗಿಲಲ್ಲಿ ಹತ್ತಿಪ್ಪತ್ತು ಸಾಲು ಅಸೆಂಬ್ಲಿ ಬರೆಯದೆ ವಿಧಿಯಿಲ್ಲ. ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ಅದನ್ನು ಬರೆದು ತಂದು, "ಸರ್, ಒಮ್ಮೆ ನೋಡ್ತೀರಾ?" ಎಂದಾಗ ಗೊತ್ತಿಲ್ಲದೆಯೇ ನನ್ನ ಬಾಯಿಂದ ಬಂದದ್ದು ಮೇಷ್ಟ್ರ ಅದೇ ಪ್ರಶ್ನೆ.

ಕಾಲೇಜಿನ ಆ ಡಿಬಗರಿನಲ್ಲಿ ಕೊನೆಗೆ ನಾನು ಮಾಡಿದ್ದು ಒಂದು ಚಿಕ್ಕ ಬದಲಾವಣೆ. ನಡೆಯಲಿರುವ ಇನ್‌ಸ್ಟ್ರಕ್ಷನ್ ಎಸ್‌ಎಸ್‌ಗೆ ಮೌಲ್ಯ ತುಂಬುವಂಥದ್ದೇ ಎಂದು ಮೊದಲೇ ನೋಡಿ, ಹೌದಾದರೆ ಅದನ್ನೂ ಅದರ ಮುಂದಿನದನ್ನೂ ಒಟ್ಟಿಗೆ, ಒಂದರ ಕೆಳಗೊಂದು ಮುದ್ರಿಸುವಂತೆ ಮಾಡಿದೆ. ಉಳಿದೆಡೆಯೆಲ್ಲ ಪ್ರತಿ ಇನ್‌ಸ್ಟ್ರಕ್ಷನ್ನಿನ ಕೆಳಗೆ ರಿಜಿಸ್ಟರುಗಳ ಸಾಲು ಬರುತ್ತಿತ್ತು. ಆ ಎರಡರ ನಡುವೆ ಮಾತ್ರ ಏನನ್ನೂ ಬರೆಯಲಿಲ್ಲ.